ಚಮಚ ಒರೆಸುವವನ ಹೊಟ್ಟೆ

ಖೋನ್‌ಕೇನ್ ರಸ್ತೆಯ ಉದ್ದಕ್ಕೂ ತಾವೋನನಷ್ಟು ಶುಚಿಯಾದ ಮನುಷ್ಯ ಇನ್ನೊಬ್ಬನಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಹಾಗೆಂದು ಎಲ್ಲರಿಗೂ ಹೇಳಿಟ್ಟವನು ತಾವೋನನೇ. ನೂಡಲ್ಸ್ ಅಂಗಡಿಯಲ್ಲಿ ಕೂತರೆ ಚಮಚಕ್ಕೆ ಮೂರು ಟಿಶ್ಯೂ, ಬಟ್ಟಲಿಗೆ ನಾಲ್ಕು. ಒರೆಸಿ, ಬೆಳಕಿಗೆ ಹಿಡಿದು ನೋಡಿದ ಮೇಲೇ ತುತ್ತು.

"ರೋಗ ಬರೋದೇ ಬಾಯಿಂದ. ನನ್ನ ಬಾಯಿಗೆ ಕಾವಲಿದೆ. ಈ ಜನ್ಮದಲ್ಲಿ ನನ್ನ ಹೊಟ್ಟೆ ಕೆಡಲ್ಲ, ಬರೆದಿಟ್ಕೊಳ್ಳಿ," ಎಂದು ಸೋಮವಾರ ಸಾರಿದ.

ಬುಧವಾರ ಕೆಟ್ಟಿತು.

ಜ್ವರ, ನುಲಿತ, ಮಧ್ಯಾಹ್ನದೊಳಗೆ ಹನ್ನೊಂದು ಸಲ ಹಿತ್ತಲ ಯಾತ್ರೆ. ಹನ್ನೆರಡನೆಯ ಯಾತ್ರೆಯಲ್ಲಿ ಒಳಗಿಂದಲೇ ತೀರ್ಪು ಬಂತು: "ಲಮಾಯ್, ಇದು ನಿನ್ನ ಕೋಳಿಯದೇ ಕೆಲಸ."

ತಗಡಿನ ಬಾಗಿಲು. ತೀರ್ಪು ರಸ್ತೆಯವರೆಗೂ ಕೇಳಿಸಿತು.

ಲಮಾಯ್ ಅವನ ಹೆಂಡತಿ. ಮನೆ ಮುಂದೆಯೇ ಕೆಂಡದ ಮೇಲೆ ಕೋಳಿ ಸುಟ್ಟು ಮಾರುವವಳು. ಊರ ಮುಖ್ಯಸ್ಥರ ಮಗ ಭಾನುವಾರ ಭಿಕ್ಷುದೀಕ್ಷೆ ಪಡೆಯುವವನಿದ್ದ. ಆ ಊಟಕ್ಕೆ ಅರವತ್ತು ಕೋಳಿ ಅವಳದೇ. ಇಪ್ಪತ್ತು ವರ್ಷ ಹೊಗೆ ಕುಡಿದದ್ದಕ್ಕೆ ಸಿಕ್ಕ ಮರ್ಯಾದೆ ಅದು. ಸಂಜೆಯ ಹೊತ್ತಿಗೆ ಮುಖ್ಯಸ್ಥರ ಹೆಂಡತಿ ಬಂದು, "ಮೀನೇ ಮಾಡಿಸೋಣ ಅಂತ ಇವರು ಹೇಳ್ತಿದಾರಮ್ಮ," ಎಂದು ಎಲ್ಲೋ ನೋಡುತ್ತ ಹೇಳಿ ಹೋದಳು.

ಲಮಾಯ್ ಬಾಗಿಲ ಹತ್ತಿರ ಬಂದಳು. "ನಾನೂ ಅದೇ ಕೋಳಿ ತಿಂದೆ. ರಸ್ತೆಯವರೆಲ್ಲ ತಿಂದ್ರು. ನಿಮ್ಮ ಹೊಟ್ಟೆ ಒಂದೇ ಏನು ರಾಜವಂಶದ್ದು?"

"ಶುಚಿಯಾದ ಹೊಟ್ಟೆ ಕಣೆ. ಬೇಗ ಗೊತ್ತಾಗುತ್ತೆ."

ಊರಿನ ಆರೋಗ್ಯ ಕಾರ್ಯಕರ್ತೆ ಪಿಕುನ್ ಅವನನ್ನು ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿದಳು. ಶುಕ್ರವಾರ ಫಲಿತಾಂಶದ ಚೀಟಿ ಹಿಡಿದು ಮನೆಗೇ ಬಂದಳು. ಅವಳಿಗೆ ಕುತೂಹಲ ಒಂದು ಹುಟ್ಟುರೋಗ.

"ಕ್ಯಾಂಪಿಲೊಬ್ಯಾಕ್ಟರ್ ಅಂತೆ ಅಣ್ಣ."

"ಇಷ್ಟುದ್ದ ಹೆಸರಿನದು ನನ್ನ ಹೊಟ್ಟೇಲಿ ಹೇಗೆ ಹಿಡೀತು?"

"ಕಣ್ಣಿಗೆ ಕಾಣದ ಹುಳ. ಹೆಚ್ಚಾಗಿ ಕೋಳಿ ಹೊಟ್ಟೇಲಿ ಇರುತ್ತೆ. ಕೋಳಿಗೆ ಏನೂ ಆಗಲ್ಲ, ಆರಾಮಾಗಿ ಓಡಾಡ್ಕೊಂಡಿರುತ್ತೆ. ನಮ್ಮ ಹೊಟ್ಟೆಗೆ ಬಂದ್ರೆ ಹೀಗೆ."

ತಾವೋನ್ ಚಾಪೆಯ ಮೇಲೆ ಎದ್ದು ಕೂತ. ಮೂರು ದಿನಗಳಲ್ಲಿ ಅವನ ಮುಖಕ್ಕೆ ಬಂದ ಮೊದಲ ಕಳೆ ಅದು. "ಕೋಳಿ! ಕೇಳಿಸ್ಕೊಂಡೆಯಾ ಲಮಾಯ್?"

"ಆ ಹುಳ ಬೆಂಕಿ ಕಂಡ್ರೆ ಸಾಯುತ್ತೆ ಅಂತಾನೂ ಬರೆದಿದಾರೆ," ಎಂದಳು ಪಿಕುನ್. "ಅಕ್ಕ, ಎಷ್ಟು ಹೊತ್ತು ಸುಡ್ತೀರ?"

"ಒಂದು ಗಂಟೆ. ಮೂಳೆ ಹತ್ರ ಕೆಂಪು ಕಂಡ್ರೆ ಮತ್ತೆ ಕೆಂಡಕ್ಕೆ. ಹಸಿ ಕೋಳಿಗೆ ಬೇರೆ ಹಲಗೆ, ಬೇರೆ ಕತ್ತಿ."

"ಹಾಗಾದ್ರೆ ಇನ್ನೇನೋ ಇದೆ. ತಿಂದು ಎರಡು ಮೂರು ದಿನಕ್ಕೆ ಶುರುವಾಗುತ್ತಂತೆ. ಹೋದ ಭಾನುವಾರ ಬಾಯಿಗೆ ಏನೇನು ಹೋಯ್ತು ಅಣ್ಣ?"

"ಭಾನುವಾರ ತಿನ್ನೋಕೆ ಪುರುಸೊತ್ತೆಲ್ಲಿತ್ತು? ಕೋಳಿ ಅಂಕ. ನನ್ನ ಸಿಂಗ್‌ತೋಂಗ್ ಗೆದ್ದಿದ್ದು ನೀನು ನೋಡಿಲ್ವಾ?" ಊರಲ್ಲಿ ನೋಡದೆ ಉಳಿದವಳು ಅವಳೊಬ್ಬಳೇ. ತಾವೋನ್ ನೋವು ಮರೆತು ಫೋನು ತೆಗೆದ. "ನೋಡು, ಎರಡನೇ ಸುತ್ತಲ್ಲಿ ಹೇಗೆ ಹಾರ್ತಾನೆ."

ಸಿಂಗ್‌ತೋಂಗ್ ಹಾರಿತು. ಸುತ್ತು ಮುಗಿಯಿತು. ಪೆಟ್ಟು ತಿಂದ ಹುಂಜವನ್ನು ತಾವೋನ್ ಎದೆಗವಚಿಕೊಂಡ, ಕೊಕ್ಕು ಬಿಡಿಸಿ ತನ್ನ ಬಾಯೊಳಗಿಟ್ಟುಕೊಂಡ, ಗಂಟಲಲ್ಲಿ ಕಟ್ಟಿದ್ದ ಕಫ, ರಕ್ತ ಎಲ್ಲವನ್ನೂ ಎಳೆದು ಪಕ್ಕಕ್ಕೆ ಉಗಿದ. ಮತ್ತೆ ಎಳೆದ.

ಪಿಕುನ್ ಬೆರಳಿಟ್ಟು ಚಿತ್ರ ನಿಲ್ಲಿಸಿದಳು. "ಇದೇನು ಅಣ್ಣ?"

"ಉಸಿರು ಬಿಡಿಸ್ತಿದೀನಿ. ನಮ್ಮಪ್ಪನೂ ಹೀಗೇ ಮಾಡ್ತಿದ್ದ. ಹುಂಜ ಸಾಕಿದ ಮೇಲೆ ಇಷ್ಟೂ ಮಾಡದಿದ್ರೆ ಹೇಗೆ?"

"ದಿನಾ ಹಿಕ್ಕೆ ಕೆದಕೋ ಕೊಕ್ಕು."

"ಆದ್ರೆ ನಾನು ಉಗಿದ್ನಲ್ಲ..."

ಫೋನಿನಲ್ಲಿ ಅವನ ಕೆನ್ನೆ ಇನ್ನೂ ಉಬ್ಬಿಕೊಂಡೇ ಇತ್ತು.

ಲಮಾಯ್ ಬೈಯಲಿಲ್ಲ. ತಾವೋನನಿಗೆ ಭಯವಾದದ್ದೇ ಅದಕ್ಕೆ. ಅವಳು ಅವನ ಅಂಗಿ ತಂದು ಮುಂದಿಟ್ಟಳು. "ಮುಖ್ಯಸ್ಥರ ಮನೆಗೆ ಹೋಗಿ. ಫೋನೂ ತಗೊಂಡು ಹೋಗಿ. ಬಾಗಿಲು ಹಾಕ್ಕೊಂಡು ಕೂಗಿದ್ರಲ್ಲ, ಅಷ್ಟೇ ಜೋರಾಗಿ ಹೇಳಿ."

ಹೇಳಿದ. ದಾರಿಯಲ್ಲಿ ಎರಡು ಮನೆಗಳ ಹಿತ್ತಲನ್ನು ಬೇಡಿಕೊಳ್ಳಬೇಕಾಗಿ ಬಂದದ್ದರಿಂದ ಆ ಎರಡು ಮನೆಗಳಲ್ಲೂ ಹೇಳಿದ. ಮುಖ್ಯಸ್ಥರು ಚಿತ್ರವನ್ನು ಮೂರು ಸಲ ಹಾಕಿಸಿ ನೋಡಿ, ಅರವತ್ತಿದ್ದ ಕೋಳಿಯನ್ನು ಎಪ್ಪತ್ತು ಮಾಡಿದರು. ನಕ್ಕವರಿಗೆ ಹಸಿವು ಹೆಚ್ಚು.

ಭಾನುವಾರ ಊಟವೆಲ್ಲ ಮುಗಿದ ಮೇಲೆ ತಾವೋನ್ ಹುಂಜದ ಮೇಲೆ ಮುಚ್ಚಿದ್ದ ಬಿದಿರ ಬುಟ್ಟಿ ಎತ್ತಿ, ಸಿಂಗ್‌ತೋಂಗ್‌ನನ್ನು ಮಡಿಲಿಗೆ ತೆಗೆದುಕೊಂಡ. ಅಭ್ಯಾಸಬಲ, ಕೊಕ್ಕಿಗೊಂದು ಮುತ್ತು ಕೊಟ್ಟೇಬಿಟ್ಟ. ತಕ್ಷಣ ನೆನಪಾಗಿ ಜೇಬಿನ ಟಿಶ್ಯೂಗೆ ಕೈ ಹಾಕಿದ.

ಅಷ್ಟರಲ್ಲಿ ಹುಂಜ ಮಡಿಲಿನಿಂದ ಜಿಗಿದು, ಬುಟ್ಟಿಯ ಅಂಚಿಗೆ ಕೊಕ್ಕನ್ನು ಈ ಮಗ್ಗುಲು ಒಮ್ಮೆ, ಆ ಮಗ್ಗುಲು ಒಮ್ಮೆ, ಮತ್ತೆ ಈ ಮಗ್ಗುಲು ಒಮ್ಮೆ ಚೆನ್ನಾಗಿ ಉಜ್ಜಿಕೊಂಡಿತು.

ಲಮಾಯ್ ಕೆಂಡ ಆರಿಸುತ್ತ ತಲೆಯೆತ್ತದೆ ಹೇಳಿದಳು: "ಅದೂ ಕಲೀತು ನೋಡಿ. ಎಲ್ಲೆಲ್ಲೋ ಓಡಾಡಿ ಬಂದ ಬಾಯಿ, ಒರೆಸ್ಕೊಳ್ದೆ ಇದ್ರೆ ಆಗುತ್ತಾ?"