ಇಲಿಗಳಿಗೆ ಬರೀ ನೀರು

ಇಲಿಗಳ ಜೊತೆ ಕೆಲಸ ಮಾಡುವವರಿಗೆ ನಗುವಿಗೆ ಬರವಿಲ್ಲ. ಕೊಡಿಯಾಲ್‌ಬೈಲಿನ ಪ್ರಯೋಗಾಲಯವೊಂದರಲ್ಲಿ ನಾನು ಪಿಎಚ್.ಡಿ.ಗಾಗಿ ಇಲಿಗಳ ಮೂತ್ರ ಸಂಗ್ರಹಿಸಿ, ಅದರಲ್ಲಿ ಎಷ್ಟು ಮೆಗ್ನೀಷಿಯಂ ಹೋಯಿತೆಂದು ಅಳೆಯುತ್ತೇನೆ. ಇದನ್ನು ಕೇಳಿದ ಮೇಲೆ ಜನ ಸುಮ್ಮನಿರುತ್ತಾರೆಯೇ?

ಮಧ್ಯಾಹ್ನದ ರಾತ್ರಿ

ಇಲಿಗಳಿಗೆ ರಾತ್ರಿ ಎಚ್ಚರ, ನಮಗೆ ಹಗಲು. ಹಾಗಾಗಿ ಅವುಗಳ ಕೋಣೆಯಲ್ಲಿ ರಾತ್ರಿಯೆಲ್ಲ ದೀಪ ಉರಿಸಿ, ಹಗಲೆಲ್ಲ ಆರಿಸಿ, ಇಲಿಗಳ ಕಣ್ಣಿಗೆ ಕಾಣದ ಮಬ್ಬು ಕೆಂಪು ಬೆಳಕು ಮಾತ್ರ ಇಡುತ್ತೇವೆ. ಒಳಗೆ ಕುಳಿತರೆ ಎ.ಸಿ.ಯ ಗುಂಯ್ ಸದ್ದು, ಮರದ ಹುಡಿಯಲ್ಲಿ ಪುಟ್ಟ ಕಾಲುಗಳ ಸರಪರ. ಬಸ್ಸಿನ ಹಾರ್ನ್ ಕೂಡ ಕನಸಿನಲ್ಲಿ ಕೇಳಿದ ಹಾಗೆ. ನನಗಲ್ಲಿ ಪರಮ ಸುಖ. ಒಮ್ಮೆ ಹೊರಬಂದವಳೇ ವಾಚ್‌ಮನ್ನರಿಗೆ "ಗುಡ್ ನೈಟ್" ಎಂದೆ. ಅವರು ನೆತ್ತಿಯ ಮೇಲಿನ ಸೂರ್ಯನನ್ನು ನೋಡಿ, "ಊಟ ಮಾಡಿ ಮಲಗಿ ಮೇಡಂ" ಎಂದರು.

ಬಾಳೆದಿಂಡು

ಬಿಕರ್ನಕಟ್ಟೆಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಕೇಳಿದರು: "ನಿನ್ನ ಇಲಿಗಳಿಗೆ ಕಿಡ್ನಿಯಲ್ಲಿ ಕಲ್ಲು ಉಂಟಾ?"

"ಇಲ್ಲ ಅಕ್ಕ. ತಿನ್ನುವುದರಲ್ಲಿ ಮೆಗ್ನೀಷಿಯಂ ಕಡಿಮೆ ಆದ್ರೆ ಕಿಡ್ನಿಯಲ್ಲಿ ಒಂದು ಜೀನ್ ಎಚ್ಚರ ಆಗ್ತದೆ. ಇದ್ದದ್ದನ್ನು ಮೂತ್ರಕ್ಕೆ ಬಿಡದೆ ಹಿಡಿದಿಡ್ತದೆ. ಅದು ಏಳುವುದನ್ನು ನೋಡ್ಲಿಕ್ಕೆ ಉಂಟು."

"ಅಂದ್ರೆ ಪಾಪದವುಗಳಿಗೆ ಉಪವಾಸವಾ?"

ಮರುದಿನ ಒಂದು ಬಾಟ್ಲಿ ಬಾಳೆದಿಂಡಿನ ರಸ ಬಂತು. "ಕಿಡ್ನಿಗೆ ಒಳ್ಳೆಯದು. ಅವು ಕುಡಿದು ಉಳಿದ್ರೆ ನೀನು ಕುಡಿ."

ಆ ಬಾಟ್ಲಿಯನ್ನು ನಮ್ಮ ಗೈಡ್ ಮೇಡಂ ಪ್ರಯೋಗಾಲಯದ ಬಾಗಿಲಲ್ಲೇ ಕಸಿದುಕೊಂಡರು. "ಹೊರಗಿನದು ಒಂದು ಚೂರೂ ಇಲಿಗಳ ಬಾಯಿಗೆ ಹೋಗ್ಬಾರ್ದು! ಹೋದ್ರೆ ನಿನ್ನ ಥೀಸಿಸ್ ಕಥೆ ಮುಗಿದ ಹಾಗೆಯೇ!" ಎಂದು ಗುಡುಗಿದರು. ರಸವನ್ನು ಮಾತ್ರ ತಾವೇ ಕುಡಿದರು.

ಏಳದ ಜೀನ್

ಇಷ್ಟು ಕಾವಲಿದ್ದರೂ ಜೀನ್ ಏಳಲಿಲ್ಲ. ವಾರಗಟ್ಟಲೆ ಮೆಗ್ನೀಷಿಯಂ ಇಲ್ಲದ ಆಹಾರ ಹಾಕಿದರೂ ಇಲಿಗಳು ಧಾರಾಳವಾಗಿ ಅದನ್ನು ಮೂತ್ರದಲ್ಲಿ ಬಿಡುತ್ತಲೇ ಇದ್ದವು. ನನ್ನ ಫೆಲೋಶಿಪ್ ಮುಗಿಯುತ್ತಾ ಬಂದಿತ್ತು. ಜೀನ್ ಏಳದಿದ್ದರೆ ಥೀಸಿಸ್ ಇಲ್ಲ, ಇಷ್ಟು ವರ್ಷದ ದುಡಿಮೆ ನೀರಿನಲ್ಲಿ ಹೋಮ. ನನಗೆ ನಿಜವಾಗಿ ಅಳು ಬಂತು. ಅಮ್ಮನಲ್ಲಿ ಹೇಳಿಕೊಂಡೆ.

"ಎಷ್ಟು ಎಬ್ಬಿಸಿದ್ರೂ ಏಳುವುದಿಲ್ವಾ?" ಎಂದರು ಅಮ್ಮ. "ಅದಕ್ಕೆ ನಿನ್ನದೇ ಗುಣ ಬಂದಿದೆ."

ಬೆಲ್ಲ

ಒಂದು ಮಧ್ಯಾಹ್ನ ಇಲಿಗಳ ಕೋಣೆಯ ಮೂಲೆಯಲ್ಲಿ, ಸ್ಟೂಲಿನ ಮೇಲೆ ನಿದ್ದೆ ಹೋದೆ. ಕಣ್ಣು ಅರೆತೆರೆದಾಗ ಕೆಂಪು ಬೆಳಕಿನಲ್ಲಿ ಬಳೆ ತೊಟ್ಟ ಕೈಯೊಂದು ಗೂಡಿಂದ ಗೂಡಿಗೆ ತೇಲುತ್ತಿತ್ತು. ಪ್ರತಿ ಗೂಡಿಗೂ ಒಂದು ಕಪ್ಪು ಚೂರು. "ತಿನ್ಲ ಮಗಾ, ತಿನ್ಲ" ಎಂಬ ಮೆಲ್ಲನೆಯ ತುಳು. ಎಂಥ ಚಂದದ ಕನಸು ಎಂದುಕೊಂಡೆ. ಆಮೇಲೆ ಮೂಗಿಗೆ ಬೆಲ್ಲದ ಪರಿಮಳ ಬಡಿಯಿತು.

"ಮೇಡಂ!"

ಮೇಡಂ ಬೆಚ್ಚಿಬಿದ್ದರು.

"ಬೆಲ್ಲದಲ್ಲಿ ಮೆಗ್ನೀಷಿಯಂ ಉಂಟಲ್ಲ ಮೇಡಂ!"

ಅವರು ಕೈಯಲ್ಲಿದ್ದ ಚೂರನ್ನು ಕೆಂಪು ಬೆಳಕಿಗೆ ಹಿಡಿದು ನೋಡಿದರು. "ಹೌದಲ್ಲ ಮಾರಾಯ್ತಿ! ಆದ್ರೆ ಅಷ್ಟು ದೂರದಿಂದ ನಮ್ಮಲ್ಲಿಗೆ ನೆಂಟರ ಹಾಗೆ ಬಂದವು. ಬೆಲ್ಲ ಇಲ್ಲದೆ ಬರೀ ನೀರು ಹೇಗೆ ಕೊಡುವುದು?"

ಬೆಲ್ಲ ನಿಂತಿತು. ಪ್ರಯೋಗ ಮೊದಲಿನಿಂದ ಶುರುವಾಯಿತು. ಕೊನೆಗೊಂದು ದಿನ ಇಲಿಗಳ ಮೂತ್ರದಲ್ಲಿ ಮೆಗ್ನೀಷಿಯಂ ಸರ್ರನೆ ಇಳಿಯಿತು. ಜೀನ್ ಎದ್ದಿತ್ತು! ಕದ್ರಿಯ ಏರು ಹತ್ತಿ ಮೇಡಂ ಮನೆಗೆ ಓಡಿದೆ. ಏದುಸಿರಿನಲ್ಲೇ ಸುದ್ದಿ ಹೇಳಿದೆ. ಮೇಡಂ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಒಂದು ಚೊಂಬು ನೀರು, ಮುಷ್ಟಿಗಾತ್ರದ ಬೆಲ್ಲ ತಂದಿಟ್ಟರು. ನಾನು ಅಭ್ಯಾಸಬಲದಿಂದ ಕೈ ಹಿಂದೆಗೆದೆ.

"ತಿನ್ನು ಮಾರಾಯ್ತಿ" ಎಂದರು ಮೇಡಂ. "ನಿನ್ನ ಮೂತ್ರ ಯಾರೂ ಅಳೆಯುವುದಿಲ್ಲ."