ಮಾವನ ಕೆಮ್ಮಿನ ರೀಡಿಂಗು

ಮಾವನ ಕೆಮ್ಮನ್ನು ಇಪ್ಪತ್ತೊಂದೇ ದಿನಗಳಲ್ಲಿ ಮನೆಯಿಂದ ಗಡೀಪಾರು ಮಾಡುತ್ತೇನೆಂದು ನಾನು ಊಟಕ್ಕೆ ಕುಳಿತಾಗ ಘೋಷಿಸಿದೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದಿನವಿಡೀ ಬಟ್ಟೆಯ ದೋಷ ಹುಡುಕುವ ಹೆಂಡತಿ ನನ್ನತ್ತ ಒಮ್ಮೆ ಅದೇ ಕಣ್ಣಿನಿಂದ ನೋಡಿದಳು.

"ಡಾಕ್ಟ್ರ ಹತ್ರ ಕರ್ಕೊಂಡು ಹೋಗೋಣ ರೀ. ಅಪ್ಪ ಇಪ್ಪತ್ತು ವರ್ಷ ಮರ ಕೊಯ್ಯೋ ಮಿಲ್ಲಲ್ಲಿ ಧೂಳು ಕುಡಿದಿದ್ದಾರೆ."

"ಬಾಲ್ಕನಿಯಲ್ಲಿ ದೊಡ್ಡಪತ್ರೆ ಇರೋವಾಗ ಡಾಕ್ಟ್ರು ಯಾಕೆ? ಕೆಮ್ಮು, ಕಫ, ಶೀತ, ಮೈಮೇಲಿನ ಗಂಧೆ, ಎಲ್ಲಕ್ಕೂ ಅದೊಂದೇ ಸಾಕು. ನಮ್ಮಜ್ಜಿ ಹೇಳ್ತಿದ್ರು."

"ನಿಮ್ಮಜ್ಜಿ ಹೋಗಿದ್ದು ಯಾವುದ್ರಿಂದ?"

"ಅದು ಬೇರೆ ವಿಷಯ."

ಅಜ್ಜಿ ಹೋದದ್ದು ಕೆಮ್ಮಿನಿಂದಲೇ.

ನಾನು ನೀರಿನ ಮೀಟರ್ ಓದುವವನು. ಯಾರ ಮನೆಯ ನಲ್ಲಿ ಎಷ್ಟು ಸೋರುತ್ತದೆಂದು ಮುಳ್ಳು ನೋಡಿಯೇ ಹೇಳಬಲ್ಲ ಮಹಾನುಭಾವನಿಗೆ ಒಬ್ಬ ಮಾವನ ಎದೆ ಯಾವ ಲೆಕ್ಕ! ಮರುದಿನದಿಂದಲೇ ಐದೂವರೆಗೆ ಎದ್ದೆ. ಎಲೆಗಳನ್ನು ಕಾವಲಿಯ ಮೇಲೆ ಬಾಡಿಸಿ, ಹಿಂಡಿ, ರಸಕ್ಕೆ ಜೇನು ಬೆರೆಸಿದೆ. ಹೇಗೂ ಒಲೆ ಹೊತ್ತಿದೆಯಲ್ಲ ಎಂದು ಹಾಲು ಕಾಯಿಸಿ ಚಹಾವನ್ನೂ ಇಟ್ಟೆ. ಮಾವ ಚಮಚ ಖಾಲಿ ಮಾಡಿದ ಮೇಲೆ ಆರರಿಂದ ಆರೂವರೆವರೆಗೆ ಎದುರು ಕುಳಿತು ಅವರ ಕೆಮ್ಮು ಎಣಿಸಿ ಪುಸ್ತಕದಲ್ಲಿ ಬರೆದುಕೊಂಡೆ.

ಮೊದಲ ದಿನ ನಲವತ್ತೊಂದು. ನಾಲ್ಕನೆಯ ದಿನ ಇಪ್ಪತ್ತಾರು. ಹತ್ತನೆಯ ದಿನ ಒಂಬತ್ತು! ಆಫೀಸಿನಲ್ಲಿ ಎಲ್ಲರೂ ನನ್ನನ್ನು 'ಪಂಡಿತರು' ಎನ್ನತೊಡಗಿದರು. ಬೇಡ ಬೇಡ ಎನ್ನುತ್ತಲೇ ಉಬ್ಬಿದೆ. ಆದರೆ ಹದಿನೈದನೆಯ ದಿನ ಎರಡಕ್ಕೆ ಬಂದು ನಿಂತ ರೀಡಿಂಗು ಜಪ್ಪಯ್ಯ ಅಂದರೂ ಮುಂದೆ ಇಳಿಯಲಿಲ್ಲ. ಇಪ್ಪತ್ತೊಂದು ದಿನ ಹೋಗಿ ನಲವತ್ತಾಯಿತು. ದಿನಾ ಎರಡೇ ಎರಡು ಕೆಮ್ಮು.

"ಹೇಗಿದೆ ಮಾವ?"

"ಮುಕ್ಕಾಲು ಪಾಲು ವಾಸಿ ಅಳಿಯಂದ್ರೆ. ಇನ್ನೊಂಚೂರು ಇದೆ. ಬಿಡಬೇಡಿ, ಕೊಡ್ತಾ ಇರಿ."

"ಅಪ್ಪನ ಅಂಗಿ ಜೋಲ್ತಿದೆ ರೀ," ಎಂದಳು ಹೆಂಡತಿ.

"ಕಫ ಇಳಿದ ಮೇಲೆ ಮೈ ಹಗುರ ಆಗುತ್ತೆ ಕಣೇ," ಎಂದೆ. ಹೌದು, ಹಾಗೆ ಹೇಳಿದ್ದು ನಾನೇ.

ಒಂದು ಭಾನುವಾರ ಆಫೀಸಿನ ಗುಮಾಸ್ತರು ದೊಡ್ಡಪತ್ರೆಯ ಕಡ್ಡಿ ಕೇಳಿಕೊಂಡು ಬಂದರು. ಕಡ್ಡಿ ಕೊಟ್ಟು ಕಳಿಸಿದ್ದರೆ ಪಂಡಿತನ ಗತ್ತೇನು ಉಳಿಯಿತು? ಸಾಕ್ಷಿ ಬೇಡವೇ?

"ಮಾವ, ಇವ್ರಿಗೆ ಒಂದ್ಸಲ ಜೋರಾಗಿ ಉಸಿರು ಎಳೆದು ತೋರಿಸಿ."

ಮಾವ ಹಿಂದೆಮುಂದೆ ನೋಡಿ ಉಸಿರು ಎಳೆದರು. ಕೆಮ್ಮು ಶುರುವಾಯಿತು. ನಿಲ್ಲಲಿಲ್ಲ. ಐವತ್ತು ದಾಟಿದರೂ ನಾನು ಅಭ್ಯಾಸಬಲದಿಂದ ಎಣಿಸುತ್ತಲೇ ಇದ್ದೆ. ಟವೆಲ್ಲಿನ ಮೇಲೆ ರಕ್ತ ಕಂಡಾಗ ಎಣಿಕೆ ತಪ್ಪಿತು.

ಆಸ್ಪತ್ರೆಯ ಡಾಕ್ಟರಮ್ಮ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರು. "ಎಡಗಡೆ ಶ್ವಾಸಕೋಶದ ಕೆಳಭಾಗ ಹೋಗಿದೆ. ಉಳಿದದ್ದು ಉಳಿಯುತ್ತಾ ಅಂತ ಒಂದು ವಾರ ಬಿಟ್ಟು ಹೇಳ್ತೀನಿ. ಇಷ್ಟು ದಿನ ಏನು ಕೊಡ್ತಿದ್ರಿ?"

"ದೊಡ್ಡಪತ್ರೆ."

"ಎಲೆಯದ್ದೇನೂ ತಪ್ಪಿಲ್ಲ. ಸಣ್ಣಪುಟ್ಟ ಕೆಮ್ಮಿಗೆ ನಾನೂ ತಗೋತೀನಿ. ಅದೊಂದನ್ನೇ ನಂಬ್ಕೊಂಡು ಕೂತಿದ್ದು ಯಾರು?"

ಹೆಂಡತಿ ನನ್ನ ಕಡೆ ತಿರುಗಲೂ ಇಲ್ಲ. ನಾಲ್ಕು ಮಾತು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮಾವನ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರು. ಮಂಚದ ಪಕ್ಕ ಕುಳಿತವನಿಗೆ ಅಳು ತಡೆಯಲಾಗಲಿಲ್ಲ.

"ಅಷ್ಟು ಕೆಮ್ಮನ್ನ ಎಲ್ಲಿ ಬಚ್ಚಿಟ್ಟಿದ್ರಿ ಮಾವ?"

"ನೀವು ಪುಸ್ತಕ ಮುಚ್ಚಿದ ಮೇಲೆ ತಾರಸಿಗೆ ಹೋಗಿ ಕೆಮ್ಮಿ ಬರ್ತಿದ್ದೆ."

"ಮತ್ತೆ ಆ ಎರಡನ್ನ ಯಾಕೆ ಉಳಿಸ್ಕೊಂಡ್ರಿ?"

"ಜಾಸ್ತಿ ಕೆಮ್ಮಿದ್ರೆ ನನ್ನ ಮಗಳು ಆಸ್ಪತ್ರೆಗೆ ಹೊರಡಿಸ್ತಾಳೆ. ಪೂರ್ತಿ ನಿಲ್ಲಿಸಿದ್ರೆ ನೀವು ಔಷಧಿ ನಿಲ್ಲಿಸ್ತೀರಿ."

ನಾಚಿಕೆಗೆಟ್ಟ ನನ್ನ ಎದೆ ಆ ಹೊತ್ತಿನಲ್ಲೂ ಚೂರು ಉಬ್ಬಿತು. "ನನ್ನ ಔಷಧಿ ಮೇಲೆ ಅಷ್ಟು ನಂಬಿಕೆನಾ ಮಾವ?"

ಮಾವ ಮೂಗಿನ ಕೊಳವೆ ಸರಿಮಾಡಿಕೊಂಡು ಉಸಿರು ಕೂಡಿಸಿಕೊಂಡರು.

"ಔಷಧಿ ಹಾಳಾಗ್ಲಿ ಅಳಿಯಂದ್ರೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮೊದಲ್ನೇ ಸಲ ನೀವು ಎದ್ದು ಒಲೆ ಹಚ್ಚಿದ್ರಿ. ನನ್ನ ಮಗಳು ದಿನಾ ಒಂದು ಗಂಟೆ ಜಾಸ್ತಿ ಮಲಗ್ತಿದ್ಲು."