ಎಷ್ಟು ಕಡ್ಡಿ ಉಳಿದಾವ್ರಿ?

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರಿಗೆ ಅಂಗಡಿ ಇಟ್ಟವನಿಗೆ ನಗುವಿಗೆ ಎಂದೂ ಬರ ಬರುವುದಿಲ್ಲ. ಗಿರಾಕಿಗಳೇ ತಂದು ಕೊಟ್ಟು ಹೋಗುತ್ತಾರೆ. ತೊಂಬತ್ತರ ದಶಕದಲ್ಲಿ ನಾನು ಕೈಗಡಿಯಾರ ರಿಪೇರಿ ಮಾಡುತ್ತಿದ್ದೆ. ಆಗ ಯಾರ ಗಡಿಯಾರ ಖರೆ ಎಂದು ವಾದ. ಎರಡು ಸಾವಿರ ದಾಟಿದ ಮೇಲೆ ಮೊಬೈಲ್ ಬಂದವು, ನಾನೂ ಅವನ್ನೇ ಮಾರತೊಡಗಿದೆ, ವಾದವೂ ಬದಲಾಯಿತು: ಯಾರ ಬ್ಯಾಟರಿ ಎಷ್ಟು ದಿನ ಬರುತ್ತದೆ? ಫೋನಿನ ಮೂಲೆಯಲ್ಲಿ ಕಾಣುವ ಬ್ಯಾಟರಿ ಗೆರೆಗಳಿಗೆ ನಮ್ಮ ಕಡೆ ‘ಕಡ್ಡಿ’ ಅಂತಲೇ ಹೆಸರು. ‘ಆರಾಮ ಅದೀರಿ?’ ಎನ್ನುವ ಮೊದಲು ‘ಎಷ್ಟು ಕಡ್ಡಿ ಉಳಿದಾವ್ರಿ?’ ಎಂದು ಕೇಳುವ ಕಾಲ ಅದು.

ಬಿಸಿಲಿಗೆ ಇಟ್ಟದ್ದು

ಹಿಂದಿನ ಓಣಿಯ ಅಜ್ಜಿಯೊಬ್ಬರು ಫೋನಿನ ಬ್ಯಾಟರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ನೋಡಿದರೆ ಅದರ ಹೊಟ್ಟೆ ಉಬ್ಬಿತ್ತು.

“ಏನ್ ಮಾಡಿದ್ರಿ ಅಜ್ಜಿ ಇದಕ್ಕ?”

“ಏನಿಲ್ಲೋ ಯಪ್ಪಾ. ಟಾರ್ಚಿನ ಸೆಲ್ ಇಳಿದರ ಬಿಸಿಲಿಗೆ ಇಡತಿದ್ದೆವಲ್ಲ, ಹಂಗ ಮಾಳಿಗಿ ಮ್ಯಾಲೆ ಇಟ್ಟಿದ್ದೆ. ಸಂಡಗಿ ಜೋಡಿ.”

“ಹಂಗ ಮಾಡಬಾರದ್ರಿ.”

“ಯಾಕ? ಸಂಡಗಿ ಚಲೋ ಆಗ್ಯಾವಲ್ಲ!”

ಅಕ್ಕ ಇಲ್ಲಿ, ತಂಗಿ ರಾಮದುರ್ಗದಾಗ

ಖಾನಾವಳಿ ನಡೆಸುವ ಅಕ್ಕ ಒಬ್ಬರು ತಾವೂ ಒಂದು ಫೋನ್ ಒಯ್ದು, ರಾಮದುರ್ಗದ ತಂಗಿಗೂ ಬೇರೆ ಕಂಪನಿಯದೊಂದು ಕೊಡಿಸಿದ್ದರು. ತಿಂಗಳಾಗುವುದರೊಳಗೆ ತಕರಾರು ತಂದರು.

“ಸಾಹೇಬ್ರ, ನಂದು ಒಂದ ದಿನಕ್ಕ ಮಲಗತೈತಿ. ಆಕೀದು ಮೂರು ದಿನ ಬರತೈತಿ. ಮಾತಾಡೂದು ಇಬ್ಬರೂ ಕೂಡೇ ಅಲ್ಲೇನು? ನಾ ಇಲ್ಲಿ, ಆಕಿ ಅಲ್ಲಿ. ನಂದಷ್ಟ ಯಾಕ ಇಳೀಬೇಕು?”

“ಅಕ್ಕಾರ, ನಿಮ್ಮಿಬ್ಬರೊಳಗ ಹೆಚ್ಚು ಮಾತಾಡಾವ್ರು ಯಾರು?” ಎಂದು ಚೇಷ್ಟೆಗೆ ಕೇಳಿದೆ.

ಅವರು ಅದನ್ನು ಖರೆ ಎಂದೇ ಹಿಡಿದರು. “ನಾನ. ಆಕಿ ಬರೇ ಹೂಂ ಅಂತಾಳ. ಹಂಗಾರ ಇವತ್ತಿಂದ ಆಕೀನ ಮಾತಾಡಲಿ, ನಾ ಹೂಂ ಅಂತೇನಿ” ಎಂದು ಹೋದರು.

ಎರಡೇ ದಿನಕ್ಕೆ ತಿರುಗಿ ಬಂದರು. ಮುಖ ಬಾಡಿತ್ತು.

“ಚಾರ್ಜರ್ ಇನ್ನೊಂದು ಕೊಡ್ರಿ ಸಾಹೇಬ್ರ. ಬ್ಯಾಟರಿ ಹೋದರ ಹೋಗಲಿ. ಆಕಿ ಮಾತು ಕೇಳಿ ಕೇಳಿ ನನ್ನ ಜೀವಾನ ಹೊಂಟಿತ್ತು.”

ಕಬ್ಬಿನ ಪಾಳಿ

ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ಚೀನಾ ಸೆಟ್ ಇಟ್ಟಿದ್ದ. ಅದಕ್ಕೆ ನಾಲ್ಕು ಸ್ಪೀಕರು. ಹಾಡು ಹಚ್ಚಿದರೆ ಊರಿಗೆ ಕೇಳುತ್ತಿತ್ತು, ಆದರೆ ಮಧ್ಯಾಹ್ನದೊಳಗೆ ಬ್ಯಾಟರಿ ಖಾಲಿ. ಪಾಳಿಯಲ್ಲಿ ನಿಂತ ಉಳಿದ ಡ್ರೈವರುಗಳು ತಮ್ಮ ಸಣ್ಣ ಸೆಟ್ಟುಗಳನ್ನು ಮುಂದೆ ಹಿಡಿದು ನಗುತ್ತಿದ್ದರು. ಮಾನದ ಪ್ರಶ್ನೆ ಬಂತು. ಟ್ರ್ಯಾಕ್ಟರ್ ಬ್ಯಾಟರಿಯಿಂದಲೇ ಚಾರ್ಜ್ ಆಗುವಂತೆ ನನ್ನ ಕೈಯಲ್ಲಿ ಒಂದು ವೈರ್ ಮಾಡಿಸಿಕೊಂಡು ಹೋದ.

ಪಾಳಿಯಲ್ಲಿ ಮೂರು ದಿನ ನಿಂತ. ಮೂರೂ ದಿನ ಹಾಡು ನಿಲ್ಲಲಿಲ್ಲ. ನಕ್ಕವರೂ ಬಂದು ತಮ್ಮ ಫೋನುಗಳನ್ನು ಅದೇ ವೈರಿಗೆ ಸಿಗಿಸಿದರು. ಕೊನೆಗೆ ಇವನ ಪಾಳಿ ಬಂತು. ಕೀಲಿ ತಿರುಗಿಸಿದರೆ ಟ್ರ್ಯಾಕ್ಟರ್ ‘ಟಕ್’ ಎಂದು ಸುಮ್ಮನಾಯಿತು. ಹಿಂದೆ ಹತ್ತು ಗಾಡಿಗಳ ಹಾರ್ನು. ಹದಿನೈದು ಟನ್ ಕಬ್ಬಿನ ಗಾಡಿ, ನೂಕುವವರು ಯಾರು? ಆಗ ಹಿಂದಿನ ಡ್ರೈವರ್ ಕೂಗಿದನಂತೆ:

“ಲೇ, ನಿನ್ನ ಫೋನ್ ಫುಲ್ ಐತಲ್ಲೋ! ಅದನ್ನ ಹಚ್ಚಿ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡ!”

ಬೀಗರ ಪಂದ್ಯ

ದೊಡವಾಡದ ಹಿರಿಯರೊಬ್ಬರ ಮಗನಿಗೆ ಮುರಗೋಡದ ಹಿರಿಯರೊಬ್ಬರ ಮಗಳನ್ನು ಕೊಟ್ಟಿತ್ತು. ಮಗ-ಸೊಸೆ ಬೈಲಹೊಂಗಲದಲ್ಲೇ ಇದ್ದರು. ಬೀಗರಿಬ್ಬರೂ ಬಲು ಸಭ್ಯರು. ಫೋನಿನ ವಿಷಯ ಒಂದು ಬಿಟ್ಟು. ಇಬ್ಬರೂ ನನ್ನ ಅಂಗಡಿಯಲ್ಲೇ ಕೊಂಡಿದ್ದರು, ಕಂಪನಿ ಮಾತ್ರ ಬೇರೆ ಬೇರೆ.

ಒಂದು ಸಂತೆಯ ದಿನ ಇಬ್ಬರೂ ನನ್ನ ಮುಂದೆಯೇ ಪಂದ್ಯ ಕಟ್ಟಿದರು. ಎರಡೂ ಫೋನನ್ನು ಅಂಗಡಿಯಲ್ಲೇ ಪೂರ್ತಿ ಚಾರ್ಜ್ ಮಾಡಿಸಬೇಕು. ಬಂದ್ ಮಾಡಬಾರದು. ಯಾರದು ಮೊದಲು ಮಲಗುತ್ತದೋ ಅವರು ಹೋಳಿಗೆ ಊಟ ಹಾಕಬೇಕು.

ಮೂರನೆಯ ದಿನ ದೊಡವಾಡದವರ ಮಗ ಬೆವರು ಸುರಿಸುತ್ತ ಅಂಗಡಿಗೆ ಓಡಿ ಬಂದ. ಅವನ ತಾಯಿಯ ಜೋಡಿ ದವಾಖಾನೆಗೆ ತೋರಿಸಲು ಹೋದ ತುಂಬು ಬಸುರಿ ಹೆಂಡತಿಯನ್ನು ಡಾಕ್ಟರು, ‘ಇವತ್ತ ಹೆರಿಗಿ’ ಎಂದು ಅಲ್ಲೇ ಸೇರಿಸಿಕೊಂಡಿದ್ದರು.

“ಕಾಕಾ, ಕಾಯಿನ್ ಬಾಕ್ಸಿನಿಂದ ಅಪ್ಪಗೂ ಮಾವಗೂ ಮುಂಜಾನಿಂದ ಫೋನ್ ಹಚ್ಚಾಕ ಹತ್ತೇನಿ. ರಿಂಗ್ ಆಗತೈತಿ, ಇಬ್ಬರೂ ಕಟ್ ಮಾಡತಾರ! ಇಬ್ಬರಿಗೂ ಏನರೆ ಆಗೇತೇನ್ರಿ?”

ನನಗೆ ಎಲ್ಲ ಅರ್ಥವಾಯಿತು. ಆದರೆ ಹೆದರಿದ ಹುಡುಗನ ಮುಂದೆ ನಗುವುದು ಹೇಗೆ? ಬೀಗರಿಬ್ಬರಿಗೂ ಒಂದೊಂದು ಚೀಟಿ ಬರೆದೆ. ಒಂದು ಮುರಗೋಡದ ಬಸ್ ಕಂಡಕ್ಟರಿಗೆ, ಒಂದು ದೊಡವಾಡದ ಬಸ್ ಕಂಡಕ್ಟರಿಗೆ ಕೊಟ್ಟೆ. ಅಂಗಡಿಯ ಬಾಗಿಲು ಎಳೆದು ಹುಡುಗನ ಜೊತೆ ದವಾಖಾನೆಗೆ ನಡೆದೆ.

ಮಧ್ಯಾಹ್ನ ಬೀಗರಿಬ್ಬರೂ ಏದುಸಿರು ಬಿಡುತ್ತ ಬರುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತ್ತು. ತಾಯಿ, ಕೂಸು ಇಬ್ಬರೂ ಆರಾಮ. ಮುದುಕರಿಬ್ಬರ ಕಣ್ಣೂ ಒದ್ದೆಯಾದವು. ಆಗ ಹುಡುಗನ ಸಿಟ್ಟು ಹೊರಬಿತ್ತು.

“ಹದಿನೆಂಟು ಸಲ ಫೋನ್ ಮಾಡೇನಿ! ಒಬ್ಬರರೆ ಎತ್ತಬಾರದಾ?”

“ನೀ ಮಾಡಿದ್ದೇನೋ ಅದು?” ದೊಡವಾಡದವರು ಬೆಚ್ಚಿದರು. “ನಂಬರ್ ಹೊಸಾದಿತ್ತು. ನನ್ನ ಬ್ಯಾಟರಿ ಇಳಸಾಕ ಬೀಗರು ಯಾರ ಕಡಿಂದನೋ ಮಾಡಸಾಕ ಹತ್ಯಾರ ಅಂದಕೊಂಡೆ.”

ಮುರಗೋಡದವರು ನೆಲ ನೋಡುತ್ತ, “ನಾನೂ ಅದನ್ನ ಅಂದಕೊಂಡೇನ್ರಿ” ಎಂದರು.

ಹುಡುಗ ಹಣೆಗೆ ಕೈ ಹಚ್ಚಿಕೊಂಡು ಕುಳಿತ. ಆಮೇಲೆ ಮುರಗೋಡದವರು ಬೀಗರ ಹತ್ತಿರ ಸರಿದು ಮೆಲ್ಲಗೆ ಕೇಳಿದರು:

“ನಿಮಗ ಎಷ್ಟು ಸಲ ಬಂದಿತ್ತು?”

“ಹನ್ನೊಂದು. ಇನ್ನಾ ಒಂದು ಕಡ್ಡಿ ಐತಿ.”

“ನನಗ ಏಳ ಸಲ. ಹನ್ನೊಂದು ರಿಂಗ್ ತಡಕೊಂಡೂ ಇನ್ನಾ ಜೀವಂತ ಐತೇನ್ರಿ ನಿಮ್ಮದು?” ಪರದೆ ಕಪ್ಪಗಾದ ತಮ್ಮ ಫೋನನ್ನು ಜೇಬಿನಿಂದ ತೆಗೆದು ತೋರಿಸಿದರು. “ಆತು ಬಿಡ್ರಿ. ನಿಮ್ಮ ಕಂಪನೀನ ಗಟ್ಟಿ. ಹೋಳಿಗಿ ನಂದು.”